ಗಾಳಿಗಿರಣಿಯ ಹಿಂಬದಿ

ಎಮ್ಡೆನ್, ಜರ್ಮನಿ
೧೬ ಫೆಬ್ರವರಿ ೨೦೨೫

ಚಿರಂಜೀವಿ ರಾಜಣ್ಣನಿಗೆ ಅಕ್ಕ ಪ್ರೇಮಕುಮಾರಿಯ ಆಶೀರ್ವಾದಗಳು.

ಒಂಬತ್ತು ವರ್ಷಗಳ ಬಳಿಕ ಬರೆಯುತ್ತಿದ್ದೇನೆ. ಓದದೆ ಹರಿದುಹಾಕಬೇಡ. ಒಳಗೆ ಒಂದು ಛಾಯಾಚಿತ್ರವಿದೆ, ಅದು ನಿನ್ನ ಹಿಟ್ಟಿನ ಗಿರಣಿಯ ಕಸುಬಿಗೆ ಸಂಬಂಧಿಸಿದ್ದು.

ಲಾವಣ್ಯಾಳ ಮದುವೆಯಲ್ಲಿ ಚಕ್ಕುಲಿಯ ಹಿಟ್ಟಿನ ಕಾರಣದಿಂದ ನಡೆದುದನ್ನು ನಾನಿಲ್ಲಿ ಎತ್ತುವುದಿಲ್ಲ. ಬೀಗರ ಪಂಕ್ತಿಯಲ್ಲಿ ಕುಳಿತವರೆಲ್ಲ ಖಾರಕ್ಕೆ ಕೆಮ್ಮತೊಡಗಿದರೆ ಹೆಣ್ಣಿನ ತಾಯಿಯ ಮಾತು ಬಿರುಸಾಗುವುದು ಸಹಜ. ನೀನು ಎಲೆಯ ಮುಂದಿನಿಂದ ಎದ್ದು ಹೋದೆ. ಅಷ್ಟೇ ವಿಷಯ.

ಈಗ ಬರೆಯಲು ಕಾರಣ ಬೇರೆ. ಲಾವಣ್ಯಾಳಿಗೆ ಐದು ತಿಂಗಳು. ಮೂರು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಏಳನೆಯ ತಿಂಗಳಿನಲ್ಲಿ ಮಗು ಹೋದದ್ದು ನಿನಗೆ ತಿಳಿದಿದೆ. ಆದ್ದರಿಂದ ಈ ಸಲ ವೈದ್ಯರು ಅವಳನ್ನು ಮಲಗಿಯೇ ಇರುವಂತೆ ಹೇಳಿದ್ದಾರೆ. ಅಳಿಯ ದಿಲೀಪನಿಗೆ ಇಲ್ಲಿ ಕಾರು ತಯಾರಿಸುವ ಕಡೆ ಕೆಲಸ, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಬಾಣಂತನಕ್ಕೆಂದು ನವೆಂಬರಿನಲ್ಲೇ ಬಂದ ನಾನು, ಮಲಗಬೇಕಾದವಳು ಮಲಗಿರುವಾಗ, ಕುಳಿತಲ್ಲಿ ಕೂರಲಾರದೆ ಒದ್ದಾಡುತ್ತಿದ್ದೇನೆ. ಈ ಊರಿನಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಕಿಟಕಿಯ ಸಂದಿಯಲ್ಲಿ ಇಡೀ ದಿನ ಯಾರೋ ಏನನ್ನೋ ಹೇಳಲು ಹೊರಟು ನಿಲ್ಲಿಸಿದಂತೆ ಸದ್ದು.

ಕೊನೆಗೆ ಲಾವಣ್ಯಾಳೇ ಬೇಸತ್ತು ಹೇಳಿದಳು: "ಅಮ್ಮಾ, ನೀನು ಹೀಗೆ ಕಿಚನ್ನಿಗೂ ಬಾಲ್ಕನಿಗೂ ಓಡಾಡ್ತಿದ್ರೆ ನಂಗೇ ತಲೆ ತಿರುಗುತ್ತೆ. ನನ್ನ ಹಳೇ ಕ್ಯಾಮೆರಾ ಇದೆ, ತಗೊಂಡು ಎಲ್ಲಾದ್ರೂ ಹೋಗಿ ಬಾ. ಮೂರು ಗಂಟೆಗೆ ಟೆರ್ಮಿನ್ ಇದೆ, ಅಷ್ಟರಲ್ಲಿ ಬಂದ್ಬಿಡು." ಟೆರ್ಮಿನ್ ಎಂದರೆ ವೈದ್ಯರು ಗೊತ್ತುಮಾಡಿದ ಹೊತ್ತು. ಕನ್ನಡದ ನಡುವೆ ಇಂಥ ಪದಗಳನ್ನು ತುರುಕಬಾರದೆಂದು ಹೇಳಿದೆ. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಒಂದು ಹಳ್ಳಿ. ಅಲ್ಲಿ ಸುಮಾರು ಇನ್ನೂರು ವರ್ಷದ ಗಾಳಿಗಿರಣಿ ಇದೆ. ಕೆಳಗೆ ಇಟ್ಟಿಗೆಯ ಗೋಡೆ, ಮೇಲೆ ಜೊಂಡು ಹೊದಿಸಿದ ಗೋಪುರ, ನಡುವಿಗೆ ಸುತ್ತಲೂ ಮರದ ಮೊಗಸಾಲೆ, ನೆತ್ತಿಯಲ್ಲಿ ನಾಲ್ಕು ರೆಕ್ಕೆಗಳು. ಅದನ್ನು ನೋಡಿಕೊಳ್ಳುವ ಯಾನ್ಸೆನ್ ಎಂಬ ಎಪ್ಪತ್ತು ದಾಟಿದ ಗಿರಣಿಗಾರ ನನ್ನನ್ನು ಒಳಕ್ಕೆ ಕರೆದು ಹರಕು ಇಂಗ್ಲಿಷಿನಲ್ಲೂ ಕೈಸನ್ನೆಯಲ್ಲೂ ಎಲ್ಲವನ್ನೂ ತೋರಿಸಿದ. ಧಾನ್ಯದ ಚೀಲವನ್ನು ಆಳು ಹೊರಬೇಕಾಗಿಲ್ಲ. ಗಾಳಿಯೇ ಹಗ್ಗದಿಂದ ಮೇಲಂತಸ್ತಿಗೆ ಎಳೆದುಕೊಳ್ಳುತ್ತದೆ. ಹಿಂದೆ ಈ ಸೀಮೆಯವರೆಲ್ಲ ರೈ ಎಂಬ ಕಪ್ಪು ಗೋಧಿಯಂಥ ಧಾನ್ಯವನ್ನೂ ಬಾರ್ಲಿಯನ್ನೂ ಇಲ್ಲಿಗೇ ತರುತ್ತಿದ್ದರು. ಗಾಳಿ ಬಂದಾಗ ಬೀಸಬೇಕು, ಬಾರದಿದ್ದರೆ ಚೀಲದ ಮೇಲೆ ಕುಳಿತು ಕಾಯಬೇಕು. ಧಾನ್ಯ ಸುರಿಯುವ ತೊಟ್ಟಿ ಬರಿದಾಗುತ್ತ ಬಂದರೆ ತಾನಾಗಿ ಮೊಳಗುವ ಒಂದು ಗಂಟೆಯಿದೆ. ಕಲ್ಲಿಗೆ ಕಲ್ಲು ಬರಿದೇ ಉಜ್ಜಿದರೆ ಕಿಡಿ ಹಾರಿ ಗಿರಣಿಯೇ ಸುಟ್ಟುಹೋಗುತ್ತಿತ್ತಂತೆ.

ಅವನು ಬೀಳುವ ಹಿಟ್ಟನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿ ಕಲ್ಲನ್ನು ಕೂದಲೆಳೆಯಷ್ಟು ಮೇಲೆತ್ತಿದ. ನೀನೂ ಹಾಗೆಯೇ ಮಾಡುವುದು. ನಮ್ಮ ತಂದೆಯವರೂ ಹಾಗೆಯೇ ಮಾಡುತ್ತಿದ್ದರು. ಚಿತ್ರ ತೆಗೆಯುವುದನ್ನು ಒಂದು ಕ್ಷಣ ಮರೆತೆ.

ಇತಿ,
ಪ್ರೇಮಕುಮಾರಿ
ನಿವೃತ್ತ ಮುಖ್ಯೋಪಾಧ್ಯಾಯಿನಿ

*

ಮೈಸೂರು
೧೨ ಮಾರ್ಚ್ ೨೦೨೫

ಅತ್ತಿಗೆಯವರಿಗೆ ಸುಶೀಲಾಬಾಯಿ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಇವರ ಕೈಗೆ ಕೊಟ್ಟರೆ "ಕನ್ನಡಕ ಇಲ್ಲ" ಅಂದರು. ಕನ್ನಡಕ ಮೂಗಿನ ಮೇಲೇ ಇತ್ತು, ಅದರ ಮೇಲೆ ಹಿಟ್ಟೂ ಇತ್ತು. ಕೊನೆಗೆ ನಾನೇ ಗಟ್ಟಿಯಾಗಿ ಓದಿದೆ. ಇವರು ಯಾರದೋ ರಾಗಿಯಲ್ಲಿ ಕಲ್ಲು ಹುಡುಕುವವರ ಹಾಗೆ ಕೂತಿದ್ದರು. ಲಾವಣ್ಯಳಿಗೆ ಐದು ತಿಂಗಳು ಅನ್ನುವಲ್ಲಿಗೆ ಬಂದಾಗ ಎದ್ದು ಮೋಟಾರು ನಿಲ್ಲಿಸಿದರು. "ಅದೊಂದು ಇನ್ನೊಂದ್ಸಲ ಓದು" ಅಂದರು. ಓದಿದೆ. ಮತ್ತೆ ಮೋಟಾರು ಹಾಕಿದರು.

ಫೋಟೋ ಮೂರು ದಿನ ಮೇಜಿನೊಳಗೆ ಇತ್ತು. ನೆನ್ನೆ ನೋಡಿದರೆ ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕ ಮೊಳೆ ಹೊಡೆದು ಹಾಕಿದ್ದಾರೆ. ಆ ದೊಡ್ಡ ರೆಕ್ಕೆಗಳನ್ನು ನಿಲ್ಲಿಸುವಾಗ ಹೇಗೆಂದರೆ ಹಾಗೆ ನಿಲ್ಲಿಸುತ್ತಾರೋ, ಅದಕ್ಕೊಂದು ಕ್ರಮ ಇದೆಯೋ ಎಂದು ಕೇಳಬೇಕಂತೆ. "ನಾನು ಕೇಳಿದೆ ಅಂತ ಬರೀಬೇಡ, ಯಾರೋ ಗಿರಾಕಿ ಕೇಳಿದ್ರು ಅನ್ನು" ಅಂದಿದ್ದಾರೆ. ಆದ್ದರಿಂದ ಗಿರಾಕಿ ಕೇಳಿದ್ದಾರೆ.

ಲಾವಣ್ಯ ಫೋನು ಮಾಡಿ ಮಾಡಿ ಸೋತಿರಬಹುದು. ಹೊರದೇಶದ ನಂಬರು ಬಂದರೆ ಎತ್ತಬೇಡಿ, ಮೋಸ ಇರುತ್ತೆ ಅಂತ ಬ್ಯಾಂಕಿನಲ್ಲಿ ಹೇಳಿದಾಗಿನಿಂದ, ಅಂಥ ಕರೆ ಬಂದರೆ ಇವರು ಫೋನನ್ನು ಅಕ್ಕಿಯ ಡಬ್ಬದೊಳಗೆ ಹಾಕಿ ಮುಚ್ಚುತ್ತಾರೆ. ನಮಗೆ ಕಾಗದವೇ ಸರಿ.

ಅತ್ತಿಗೆ, ಚಿಕ್ಕವಳಾಗಿ ಒಂದು ಮಾತು. ಅವತ್ತು ಬೀಗರ ಮುಂದೆ ನೀವು "ತಂದೆಯವರು ಇದ್ದಿದ್ದರೆ ಈ ಗಿರಣಿಗೆ ಬೀಗ ಹಾಕುತ್ತಿದ್ದರು" ಅಂದಿರಿ. ಮಾವನವರು ತೀರಿಕೊಳ್ಳುವ ಹಿಂದಿನ ವಾರದ ತನಕ ಇವರು ಉಳಿಯಿಂದ ಹಲ್ಲು ಕುಟ್ಟಿದ ಬೀಸುವ ಕಲ್ಲನ್ನು ಅಂಗೈಯಿಂದ ಸವರಿ ನೋಡಿ ಸರಿ ಅಂತ ತಲೆಯಾಡಿಸಿದವರು. ನಮ್ಮಲ್ಲಿರುವುದು ಒಂದೇ ಜೊತೆ ಕಲ್ಲು. ಮೆಣಸಿನಕಾಯಿ ಬೀಸಿದ ಮೇಲೆ ನುಚ್ಚು ಹಾಕಿ ಕಲ್ಲು ತೊಳೆಯದೆ ಇವರು ಇನ್ನೊಂದು ಕಾಳು ಸುರಿಯುವವರಲ್ಲ. ಆ ಮಾತು ತಪ್ಪಾಯಿತು ಅಂತ ನೀವು ಒಂದು ಗೆರೆ ಬರೆದರೆ ಸಾಕು. ಇವರು ಕಾಯುತ್ತಿರುವುದು ಅದೊಂದಕ್ಕೇ ಅಂತ ನನ್ನ ತಿಳಿವಳಿಕೆ.

ಲಾವಣ್ಯ ಹುಷಾರಾಗಿರಲಿ.

ನಿಮ್ಮ
ಸುಶೀಲಾಬಾಯಿ

*

ಎಮ್ಡೆನ್
೨ ಏಪ್ರಿಲ್ ೨೦೨೫

ಚಿರಂಜೀವಿ ರಾಜಣ್ಣನಿಗೆ ಆಶೀರ್ವಾದಗಳು.

ಯಾರೋ ಗಿರಾಕಿ ಕೇಳಿದ ಪ್ರಶ್ನೆ ಒಳ್ಳೆಯದಿತ್ತು. ಯಾನ್ಸೆನ್ ಮೊಗಸಾಲೆಯಲ್ಲಿ ನಿಂತು ಅರ್ಧ ಗಂಟೆ ವಿವರಿಸಿದ. ಆ ದಿನ ದಿಲೀಪನಿಗೆ ರಜೆ. ಅವನು ಜೊತೆಗೆ ಬಂದು ಕನ್ನಡಕ್ಕೆ ತಿರುಗಿಸಿ ಹೇಳಿದ.

ಈ ನಾಡು ಅಂಗೈಯಂತೆ ಸಮತಟ್ಟು. ದೂರವಾಣಿ ಇಲ್ಲದ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಗೆ ಸುದ್ದಿ ತಿಳಿಸುತ್ತಿದ್ದುದು ನಿಂತ ಗಿರಣಿಯೇ. ಎದುರಿಗೆ ನಿಂತು ನೋಡಿದರೆ ರೆಕ್ಕೆಗಳು ಬಲದಿಂದ ಮೇಲೇರಿ ಎಡಕ್ಕೆ ಇಳಿಯುತ್ತವೆ. ಮೇಲಿನ ರೆಕ್ಕೆ ನೆತ್ತಿಯನ್ನು ಮುಟ್ಟುವುದಕ್ಕೆ ಸ್ವಲ್ಪ ಮುಂಚೆ, ಅಂದರೆ ಬಲಗಡೆಗೆ, ನಿಂತಿದ್ದರೆ ಆ ಗಿರಣಿಗೆ ಸೇರಿದವರ ಮನೆಯಲ್ಲಿ ಮದುವೆ ಅಥವಾ ಮಗು: ಬರುತ್ತಿರುವುದರ ಗುರುತು. ನೆತ್ತಿಯನ್ನು ದಾಟಿ ಎಡಕ್ಕೆ ವಾಲಿ ನಿಂತಿದ್ದರೆ ಸಾವು: ಹೋದುದರ ಗುರುತು. ಬಲ ಸಂತೋಷ, ಎಡ ದುಃಖ. ಗುರುತಿಟ್ಟುಕೋ, ಮುಂದೆ ಕೇಳುತ್ತೇನೆ.

ಸುಶೀಲೆ ಒಂದು ಗೆರೆ ಕೇಳಿದ್ದಾಳೆ. ಆಧಾರವಿಲ್ಲದೆ ತೀರ್ಪು ಬದಲಿಸುವ ಅಭ್ಯಾಸ ನನಗಿಲ್ಲ. ಹಿಟ್ಟಿನಲ್ಲಿ ಖಾರವಿತ್ತು. ಹಿಟ್ಟು ನಿನ್ನ ಗಿರಣಿಯಿಂದ ಬಂದಿತ್ತು.

ಲಾವಣ್ಯಾಳಿಗೆ ಏಳನೆಯ ತಿಂಗಳು ನಡೆಯುತ್ತಿದೆ. ಆ ಸಂಖ್ಯೆಯನ್ನು ಮನೆಯಲ್ಲಿ ಯಾರೂ ಉಚ್ಚರಿಸುವುದಿಲ್ಲ. ನಾನು ದಿನ ಬಿಟ್ಟು ದಿನ ಬಸ್ಸು ಹತ್ತುತ್ತೇನೆ.

ಇತಿ,
ಪ್ರೇಮಕುಮಾರಿ

*

(ಅಂಚೆಗೆ ಹಾಕದೆ ಉಳಿದ ಪತ್ರ)

ಎಮ್ಡೆನ್
೯ ಮೇ ೨೦೨೫

ರಾಜಣ್ಣ,

ನಿನ್ನೆಯಿಂದ ಲಾವಣ್ಯಾ ಆಸ್ಪತ್ರೆಯಲ್ಲಿದ್ದಾಳೆ. ರಕ್ತದೊತ್ತಡ ಏರಿದೆ. ನೋಡಲು ಬಿಡುವ ವೇಳೆ ಮಧ್ಯಾಹ್ನ. ಅಲ್ಲಿಯವರೆಗೆ ನಾನು ಗಿರಣಿಯ ಮೊಗಸಾಲೆಯನ್ನು ಹದಿನೇಳು ಸುತ್ತು ಸುತ್ತಿದೆ. ಯಾನ್ಸೆನ್ ಚಹಾ ತಂದಿಟ್ಟ. ಗಾಳಿಯಿರಲಿಲ್ಲ, ರೆಕ್ಕೆಗಳು ನಿಂತಿದ್ದವು. ನಾನೊಬ್ಬಳೇ ತಿರುಗುತ್ತಿದ್ದೆ.

ಅಲ್ಲಿ ಅವನ ಹೆಂಡತಿ ಒಂದು ಖಾಲಿ ತಗಡಿನ ಡಬ್ಬವನ್ನು ಬಿಸಿಲಿಗೆ ಮಗುಚಿ ಹಾಕಿದ್ದಳು. ಅದನ್ನು ನೋಡಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ಇಲ್ಲಿಗೆ ಹೊರಡುವ ಮುನ್ನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ನಮ್ಮ ದೊಡ್ಡ ಡಬ್ಬ ಸಿಕ್ಕಿತು. ಮದುವೆಗೆ ಚಕ್ಕುಲಿಯ ಅಕ್ಕಿಯನ್ನು ನಿನ್ನ ಗಿರಣಿಗೆ ಕಳುಹಿಸಿದ್ದು ಅದರಲ್ಲಿ. ಅದಕ್ಕೂ ಮುಂಚೆ ವರ್ಷವಿಡೀ ಖಾರದ ಮೆಣಸಿನ ಪುಡಿ ಇಟ್ಟಿದ್ದುದೂ ಅದರಲ್ಲಿಯೇ. ಗಡಿಬಿಡಿಯಲ್ಲಿ ನಾನೇ ಬಟ್ಟೆಯಿಂದ ಒರೆಸಿ ಅಕ್ಕಿ ತುಂಬಿದ್ದೆ. ತಳದ ಮಡಿಕೆಗೆ ಉಗುರು ಹಾಕಿ ನೋಡಿದೆ. ಎಂಟು ವರ್ಷಗಳ ಬಳಿಕವೂ ಕೆಂಪಾಗಿತ್ತು. ಒಬ್ಬಳೇ ನಿಂತು ಸೀನಿದೆ.

ಅಂದರೆ ಏಪ್ರಿಲಿನಲ್ಲಿ ಆಧಾರ ಬೇಕೆಂದು ಬರೆದಾಗ ಆಧಾರ ನನ್ನ ಬಳಿಯೇ ಇತ್ತು.

ಇಷ್ಟು ಬರೆದು ಎರಡು ಸಲ ಓದಿದೆ. ತಿದ್ದಬೇಕಾದ ಒಂದು ಅಕ್ಷರವೂ ಇಲ್ಲ. ಆದರೂ ಲಕೋಟೆಗೆ ಹಾಕಲು ಕೈ ಬರುತ್ತಿಲ್ಲ. ಮೂವತ್ತಾರು ವರ್ಷ ಬೇರೆಯವರ ತಪ್ಪುಗಳ ಕೆಳಗೆ ಗೆರೆ ಎಳೆದ ಕೈ ಇದು.

ಪ್ರೇಮಾ

*

(ಛಾಯಾಚಿತ್ರದ ಹಿಂದೆ)

೧೩ ಜೂನ್ ೨೦೨೫

ರಾಜಣ್ಣ,

ಲಾವಣ್ಯಾಳ ಮಗುವಿಗಾಗಿ ಯಾನ್ಸೆನ್ ಇಂದು ಗಿರಣಿಯನ್ನು ನಿಲ್ಲಿಸಿದ್ದಾನೆ. ಮಾತು ಬೇಡ. ಏಪ್ರಿಲಿನಲ್ಲಿ ಕಲಿಸಿದ್ದು ನೆನಪಿದ್ದರೆ ಮೇಲಿನ ರೆಕ್ಕೆಯನ್ನು ನೋಡಿ ನೀನೇ ಓದಿಕೋ. ಚಿತ್ರವನ್ನು ಪೇಟೆಯ ಅಂಗಡಿಯಲ್ಲಿ ಮುದ್ರಿಸಿಕೊಂಡು ಅಲ್ಲಿಯೇ ನಿಂತು ಬರೆಯುತ್ತಿದ್ದೇನೆ, ಆಸ್ಪತ್ರೆಯ ಕಡೆಗೆ ಹೋಗುವ ಬಸ್ಸು ಬರುತ್ತಿದೆ.

ಪ್ರೇಮಕುಮಾರಿ

*

ಮೈಸೂರು
1-7-2025

ಅಕ್ಕಾ,

ಫೋಟೋ ಬಂತು. ನಿನ್ನ ಏಪ್ರಿಲ್ ಕಾಗದ ಪಕ್ಕದಲ್ಲಿ ಇಟ್ಕೊಂಡು ನೋಡಿದೆ. ಮೇಲಿನ ರೆಕ್ಕೆ ಎಡಗಡೆ ಇದೆ. ನನ್ನ ಕಣ್ಣು ಸರಿ ಇಲ್ವೇನೋ ಅಂತ ಸುಶೀಲಂಗೆ ತೋರಿಸಿದೆ. ಅವಳೂ ಎಡಗಡೆ ಅಂದು ಒಳಗೆ ಹೋಗಿ ಕೂತ್ಕೊಂಡಳು.

ಬೆಲ್ಟು ಬಿಚ್ಚಿಟ್ಟಿದೀನಿ. ಮೂರು ದಿನದಿಂದ ಮಿಲ್ಲು ಓಡಿಸಿಲ್ಲ. ಹಿಟ್ಟು ಬೇಕು ಅಂತ ಬಂದೋರಿಗೆ ಮನೇಲಿ ಮಗು ಹೋಗಿದೆ ಅಂದೆ. ನಿಮ್ಮನೇಲಿ ಮಗು ಎಲ್ಲಿತ್ತು ರಾಜಣ್ಣ ಅಂತ ಒಬ್ಬರು ಕೇಳಿದರು. ಬಾಗಿಲು ಎಳ್ಕೊಂಡು ಒಳಗೆ ಬಂದೆ.

ಹೋದ ಸಲ ಆ ಮಗು ಹೋದಾಗ ನಾನು ಬರಲಿಲ್ಲ. ಬೆಂಗಳೂರು ಬಸ್ಸು ಹತ್ತಿ ಕೂತಿದ್ದೆ ಅಕ್ಕ. ಕಂಡಕ್ಟರು ಟಿಕೇಟು ಅನ್ನೋ ಹೊತ್ತಿಗೆ ಇಳಿದುಬಿಟ್ಟೆ. ಅಲ್ಲಿ ನೀನು ಇರ್ತೀಯ, ಬಾಗಿಲಲ್ಲೇ ಏನಂತೀಯೋ ಅಂತ. ನಿನ್ನ ಮೇಲಿನ ಸಿಟ್ಟಿಗೆ ಲಾವಣ್ಯಂಗೆ ಅನ್ಯಾಯ ಮಾಡಿದೆ. ಮದುವೇಲಿ ಕೈ ಹಿಡ್ಕೊಂಡು ಹಸೆಮಣೆಗೆ ಕರ್ಕೊಂಡು ಬಂದ ಸೋದರಮಾವ ನಾನು. ಅದಕ್ಕೇ ಈ ಸಲ ತಡ ಮಾಡದೆ ಬರೀತಿದೀನಿ.

ಹಿಟ್ಟಿನ ವಿಷಯ ಇವತ್ತಿಗೆ ಮುಗಿಸೋಣ. ನುಚ್ಚು ಹಾಕಿ ಕಲ್ಲು ತೊಳೆದಿದ್ದೆ ಅಂತ ನನ್ನ ನೆನಪು. ಮದುವೆ ಗಲಾಟೇಲಿ ಮರೆತೂ ಇರಬಹುದು. ನಾನೇ ಕೆಡಿಸಿದೆ ಅಂತ ಇಟ್ಕೋ. ನೀನು ಅವತ್ತು ಅಂದಿದ್ದು ಸರಿ. ಈಗ ಅದೆಲ್ಲ ಹಿಡ್ಕೊಂಡು ಏನು ಮಾಡೋದಿದೆ.

ಲಾವಣ್ಯಂಗೆ ಹೊತ್ತು ಹೊತ್ತಿಗೆ ಊಟ ಹಾಕು. ಸುಮ್ಮನೆ ಪಕ್ಕದಲ್ಲಿ ಕೂತ್ಕೋ. ಪಾಠ ಹೇಳಬೇಡ.

ಈ ಕಾಗದದಲ್ಲಿ ತಪ್ಪಿದ್ರೆ ಹಿಂದೆ ಒಂದ್ಸಲ ಮಾಡಿದ ಹಾಗೆ ಕೆಂಪು ಇಂಕಲ್ಲಿ ಸುತ್ತು ಹಾಕಿ ವಾಪಸ್ ಕಳಿಸಬೇಡ.

ರಾಜಣ್ಣ

*

ಎಮ್ಡೆನ್
೨೦ ಜುಲೈ ೨೦೨೫

ಪ್ರೀತಿಯ ರಾಜಣ್ಣನಿಗೆ,

ದಿಲೀಪನ ಮೈಸೂರಿನ ಸ್ನೇಹಿತ ಮಹೇಶಕುಮಾರ ನಿನ್ನೆ ನಿನ್ನ ಗಿರಣಿಗೆ ಬಂದು ಮಗು ಬದುಕಿದೆ, ತಾಯಿ ಕ್ಷೇಮ ಎಂದು ಹೇಳಿರಬೇಕು. ನಿನ್ನ ಪತ್ರ ಓದಿದ ಗಳಿಗೆಯಲ್ಲೇ ದೂರವಾಣಿಗೆ ಆರು ಸಲ ಪ್ರಯತ್ನಿಸಿದೆ. ಅಕ್ಕಿಯ ಡಬ್ಬದಲ್ಲಿ ಎಷ್ಟು ಸದ್ದು ಕೇಳಿಸಿತೋ ಕಾಣೆ. ಆ ಎರಡು ಮಾತನ್ನಷ್ಟೇ ಹೇಳಬೇಕೆಂದು ಮಹೇಶಕುಮಾರನಿಗೆ ತಿಳಿಸಿದ್ದೆ. ಉಳಿದದ್ದನ್ನು ನಾನೇ ಬರೆಯಬೇಕು.

ಹೆಣ್ಣು ಮಗು. ಜೂನ್ ಹನ್ನೆರಡರ ಬೆಳಿಗ್ಗೆ ಹುಟ್ಟಿತು. ಎಣಿಸಿದ್ದಕ್ಕಿಂತ ಬೇಗ ಬಂದುದರಿಂದ ಎರಡು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಈಗ ಮನೆಯಲ್ಲಿದೆ. ಅಳುವಾಗ ಹಣೆ ನಿನ್ನಂತೆಯೇ ಸುಕ್ಕಾಗುತ್ತದೆ.

ಹಾಗಾದರೆ ರೆಕ್ಕೆ ಎಡಕ್ಕೆ ಏಕಿತ್ತು? ನಿನ್ನ ಪತ್ರ ಬಂದ ದಿನ ಆ ಚಿತ್ರದ ಇನ್ನೊಂದು ಪ್ರತಿಯನ್ನು ಯಾನ್ಸೆನ್‌ಗೆ ತೋರಿಸಿದೆ. ಅವನು ಒಂದು ನೋಟ ನೋಡಿ, ಗೋಪುರದ ತಲೆಯ ಮೇಲೆ ಕಾಣುವ ಒಂದು ಪುಟ್ಟ ಚಕ್ರದ ಮೇಲೆ ಬೆರಳಿಟ್ಟ. ಗಾಳಿ ಬಂದ ದಿಕ್ಕಿಗೆ ಗಿರಣಿಯ ಮುಖವನ್ನು ತಿರುಗಿಸುವ ಚಕ್ರ ಅದು, ಇರುವುದು ಹಿಂಬದಿಯಲ್ಲಿ. ಬಸ್ಸಿನ ನಿಲ್ದಾಣ ಹಿಂಬದಿಗಿದೆ. ಆಸ್ಪತ್ರೆಗೆ ಹೊರಡುವ ಆತುರದಲ್ಲಿ ಅಲ್ಲಿಂದಲೇ ಚಿತ್ರ ತೆಗೆದೆ. ಹಿಂದಿನಿಂದ ನೋಡಿದರೆ ಬಲವೆಲ್ಲ ಎಡವಾಗುತ್ತದೆ. ಎದುರಿಗೆ ನಿಂತು ನೋಡಬೇಕೆಂದು ನಿನಗೆ ಪಾಠ ಹೇಳಿದವಳು ನಾನು. ಹಿಂದೆ ನಿಂತದ್ದೂ ನಾನೇ. "ಎದುರಿಗೆ ಬರಬೇಕಿತ್ತು ನೀವು" ಎಂದ ಯಾನ್ಸೆನ್. ಆ ವಾಕ್ಯವನ್ನು ದಿಲೀಪ ತಿರುಗಿಸಿ ಹೇಳಬೇಕಾಗಲಿಲ್ಲ.

ಬದುಕಿರುವ ಮಗುವಿಗಾಗಿ ನೀನು ಕಲ್ಲು ನಿಲ್ಲಿಸಿ ಕುಳಿತೆ. ಅಷ್ಟು ಸಾಲದೆಂದು ಮಾಡದ ತಪ್ಪನ್ನೂ ಹೊತ್ತುಕೊಂಡೆ. ಅದನ್ನು ಹೊತ್ತುಕೊಂಡಿರಲು ನಾನು ಬಿಡಲಾರೆ.

ಮೇ ತಿಂಗಳಿನಲ್ಲಿ ಬರೆದು ಅಂಚೆಗೆ ಹಾಕದ ಪತ್ರವೊಂದನ್ನು ಇದರ ಜೊತೆಗಿಟ್ಟಿದ್ದೇನೆ. ಹರಿದು ಹೊಸದಾಗಿ ಬರೆಯಬಹುದಿತ್ತು. ಎಷ್ಟು ದಿನ ಇಟ್ಟುಕೊಂಡಿದ್ದೆನೆಂಬುದು ನಿನಗೆ ತಿಳಿಯಲೆಂದು ದಿನಾಂಕವನ್ನೂ ಬದಲಿಸಿಲ್ಲ. ಡಬ್ಬ ನನ್ನದು. ಖಾರ ನನ್ನದು. ಬೀಗರ ಮುಂದೆ ಆಡಿದ ಮಾತು ಸುಳ್ಳು. ತಂದೆಯವರು ನಿನ್ನ ಗಿರಣಿಗೆ ಬೀಗ ಹಾಕುತ್ತಿರಲಿಲ್ಲ, ಪಕ್ಕದಲ್ಲಿ ಕುಳಿತು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ತಪ್ಪಾಯಿತು.

ಸುಶೀಲೆ ಕೇಳಿದ ಗೆರೆ ಇದು. ಇದೇ ಅಂಚೆಯಲ್ಲಿ ಬೀಗರಿಗೂ ಒಂದು ಪತ್ರ ಹಾಕಿದ್ದೇನೆ. ಅವರ ಮುಂದೆ ಹೇಳಿದ್ದನ್ನು ಅವರ ಮುಂದೆಯೇ ತಿದ್ದಬೇಕು.

ನಿನ್ನ ಪತ್ರದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಡಿಸೆಂಬರಿನಲ್ಲಿ ಮಗುವಿಗೆ ಆರು ತಿಂಗಳು. ಆಗ ಮೈಸೂರಿಗೆ ಬರುತ್ತೇವೆ. ಮೊದಲ ತುತ್ತನ್ನು ನೀನು ತಿನ್ನಿಸಬೇಕೆಂದು ಲಾವಣ್ಯಾಳ ಆಸೆ. ನನ್ನದೂ ಹೌದು, ನೀನು ಒಪ್ಪುವುದಾದರೆ.

ನಿನ್ನ ಅಕ್ಕ,
ಪ್ರೇಮಾ

*

ಮೈಸೂರು
11-8-2025

ಅಕ್ಕಾ,

ಮಹೇಶಕುಮಾರ ಬೈಕಲ್ಲಿ ಬಂದು ಹೇಳಿದ. ಕೇಳಿದ ಮೇಲೂ ಅವನನ್ನ ಅರ್ಧ ಗಂಟೆ ಬಿಡಲಿಲ್ಲ, ಅದನ್ನೇ ನಾಲ್ಕು ಸಲ ಹೇಳಿಸಿದೆ. ಸುಶೀಲ ಅವನಿಗೆ ಎರಡು ಸಲ ಉಪ್ಪಿಟ್ಟು ಬಡಿಸಿದಳು. ಅವತ್ತೇ ಬೆಲ್ಟು ಹಾಕಿದೆ.

ನಿನ್ನ ಕಾಗದ ಆಮೇಲೆ ಬಂತು. ಈ ಸಲ ಕನ್ನಡಕ ಒರೆಸ್ಕೊಂಡು ನಾನೇ ಓದಿದೆ.

ಡಬ್ಬದ ವಿಷಯ ನಂಗೆ ಅವತ್ತೇ ಗೊತ್ತಿತ್ತು ಅಕ್ಕ. ಕೊನೇ ಪಡಿ ಅಕ್ಕಿ ಸುರೀವಾಗ ತಳದಲ್ಲಿ ಕೆಂಪು ಕಂಡೆ. ಅಷ್ಟರಲ್ಲಿ ಮಿಕ್ಕಿದ್ದೆಲ್ಲ ಹಿಟ್ಟಾಗಿತ್ತು. ಚಿಟಿಕೆ ಖಾರ ಅಲ್ವಾ, ಚಕ್ಕುಲೀಲಿ ಗೊತ್ತಾಗಲ್ಲ ಅಂತ ಸುಮ್ಮನಾದೆ. ಹೇಳಿ ಕಳಿಸಬೇಕಿತ್ತು, ಅದು ನನ್ನ ತಪ್ಪು. ಊಟದ ಹೊತ್ತಲ್ಲಿ ನೀನು ಅಪ್ಪನ ಹೆಸರು ಎತ್ತಿದಾಗ ಡಬ್ಬ ನಿಂದು ಅನ್ನೋ ಮಾತು ಬಾಯಿ ತನಕ ಬಂತು. ಇನ್ನೊಂದು ಗಳಿಗೆ ಕೂತಿದ್ರೆ ಹೇಳೇಬಿಡ್ತಿದ್ದೆ. ಮಗಳ ಮದುವೆ ದಿನ ಬೀಗರ ಮುಂದೆ ನಿನ್ನ ಮುಖ ಏನಾಗ್ತಿತ್ತು. ಅದಕ್ಕೇ ಎದ್ದು ಹೋದೆ. ಎದ್ದಿದ್ದು ಸರಿ. ಒಂಬತ್ತು ವರ್ಷ ಕೂತ್ಕೊಳ್ಳದೇ ಇದ್ದಿದ್ದು ಸರಿ ಅಲ್ಲ.

ಬೀಗರಿಗೆ ಯಾಕೆ ಬರೆದೆ. ನಾನು ಇಷ್ಟು ವರ್ಷ ಕಾಪಾಡಿದ್ದು ಒಂದು ಅಂಚೇಲಿ ಹೋಯ್ತು. ಅವರು ನೆನ್ನೆ ಫೋನು ಮಾಡಿದ್ರು, ಚಕ್ಕುಲಿ ಚೆನ್ನಾಗಿತ್ತು ಅಂತ ಸುಳ್ಳು ಹೇಳಿದ್ರು.

ಜೂನಲ್ಲಿ ಕಳಿಸಿದ ಫೋಟೋನೂ ಗೋಡೆಗೆ ಹಾಕಿದೀನಿ, ಹಿಂಬದಿದು. ತೆಗೆಯಲ್ಲ. ಮುಂಬದಿದು ಇನ್ನೊಂದು ತೆಗೆದು ತಗೊಂಡು ಬಾ.

ಮಗೂಗೆ ಮೊದಲ ತುತ್ತು ರಾಗಿ ಸರಿ ಗಂಜಿ. ಮೊಳಕೆ ಕಟ್ಟಿ ನೆರಳಲ್ಲಿ ಒಣಗಿಸಿ ಹುರಿದು ಕೊಡೋದು ಸುಶೀಲನ ಕೆಲಸ, ಬೀಸೋದು ನಂದು. ನೀನು ಏನೂ ಕಳಿಸಬೇಡ, ಡಬ್ಬ ಅಂತೂ ತರಲೇಬೇಡ. ನೆನ್ನೆ ಕಲ್ಲು ಎತ್ತಿ ಹೊಸದಾಗಿ ಕುಟ್ಟಿದೀನಿ. ಇವತ್ತಿಂದ ಮಿಲ್ಲಲ್ಲಿ ಮೆಣಸಿನಕಾಯಿ ಬೀಸಲ್ಲ ಅಂತ ಬೋರ್ಡು ಹಾಕಿದೆ. ಡಿಸೆಂಬರ್‌ಗೆ ಇನ್ನೂ ನಾಲ್ಕು ತಿಂಗಳಿದೆ ಕಣ್ರೀ ಅಂತ ಸುಶೀಲ ನಗ್ತಾಳೆ. ಬೆಳಿಗ್ಗೆಯಿಂದ ಸಾರಿನ ಪುಡಿ ಮಾಡಿಸೋರು ಬಂದು ಬಂದು ಬೈಕೊಂಡು ಹೋಗ್ತಿದಾರೆ.

ಬೈಲಿ.

ರಾಜಣ್ಣ